ಮೂರು ಬೆರಳಿನ ಗುರುತು

ನನ್ನ ಫೋನಿನಲ್ಲಿ ಒಂದು ನಿಮಿಷ ಹನ್ನೊಂದು ಸೆಕೆಂಡಿನ ವಿಡಿಯೊ ಇದೆ. ಅಳಿಸಬೇಕೆಂದು ಎರಡು ಸಲ ಬೆರಳಿಟ್ಟು ಹಿಂದೆ ತೆಗೆದಿದ್ದೇನೆ. ಅದರಲ್ಲಿ ನಮ್ಮ ಅತ್ತಿಗೆಯ ಬಲಗೈ ಕಾಣುತ್ತದೆ, ಮುಖ ಕಾಣುವುದಿಲ್ಲ. ಕೈಯಲ್ಲಿ ಹಸಿರು ಬಳೆ. ಮೂರು ಬೆರಳಿಗೆ ಹಳದಿ ಪುಡಿ.

ಆ ವಿಡಿಯೊ ತೆಗೆದವನು ನಾನೇ. ಯಾಕೆ ತೆಗೆದೆ, ಅದು ಎಲ್ಲಿಗೆ ಹೋಯಿತು, ಏನು ಮಾಡಿತು ಎಂಬುದನ್ನು ಆದ ಕ್ರಮದಲ್ಲಿ ಬರೆದಿಡುತ್ತೇನೆ.

ನಮ್ಮ ಊರು ಹಂಪಸಾಗರದ ಹತ್ತಿರ. ಅಣ್ಣ ಕುರಿ ಸಾಕುವವನು. ನಾನು ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಎಲ್ಲರೂ ಒಂದೇ ಮನೆಯಲ್ಲಿದ್ದೇವೆ. ಎರಡು ವರ್ಷದ ಹಿಂದೆ ಅಣ್ಣನ ಗಂಟಲಿನಲ್ಲಿ ಗಡ್ಡೆ ಕಾಣಿಸಿಕೊಂಡಿತು. ಪ್ರಾಣ ಉಳಿಯಬೇಕಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ತೆಗೆದರು. ಈಗ ಅವನು ಉಸಿರಾಡುವುದು ಕುತ್ತಿಗೆಯ ಕೆಳಗಿನ ಒಂದು ತೂತಿನಿಂದ. ಅದರ ಮೇಲೆ ಅತ್ತಿಗೆ ತೆಳ್ಳನೆಯ ಬಿಳಿ ಅರಿವೆ ಕಟ್ಟುತ್ತಾಳೆ.

ಮಾತು ಹೋಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು, ನಾವೂ ಒಪ್ಪಿದ್ದೆವು. ಆದರೆ ಕೂಗು ಹೋಗುತ್ತದೆ ಎಂದು ನಮಗೆ ಬೇರೆಯಾಗಿ ಹೊಳೆದಿರಲಿಲ್ಲ. ಕುರಿಗಳನ್ನು ಕರೆಯಲು ಅಣ್ಣನಿಗೆ ಒಂದು ಕೂಗಿತ್ತು. ಉದ್ದಕ್ಕೆ ಎಳೆದು ಕೊನೆಯಲ್ಲಿ ಕತ್ತರಿಸಿ ಬಿಡುತ್ತಿದ್ದ. ಹೊಳೆದಂಡೆಯ ಜಾಲಿಯ ನಡುವೆ ಚದುರಿದ ಕುರಿಗಳು ಅದಕ್ಕೆ ತಲೆ ಎತ್ತುತ್ತಿದ್ದವು. ಆಸ್ಪತ್ರೆಯಿಂದ ಬಂದು ಒಂದು ತಿಂಗಳಿಗೆ ಅವನು ಹಟ್ಟಿಯ ಮುಂದೆ ನಿಂತು ಬಾಯಿ ತೆರೆದ. ಏನೂ ಬರಲಿಲ್ಲ. ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಲು ನೋಡಿದ. ಉಸಿರು ಬಾಯಿಗೆ ಬರುವುದೇ ಇಲ್ಲವಲ್ಲ, ಸಿಳ್ಳೆ ಎಲ್ಲಿಂದ ಬರಬೇಕು. ಕುರಿಗಳು ಮೇಯುತ್ತಲೇ ಇದ್ದವು. ಅವನು ಬೆರಳುಗಳನ್ನು ಪಂಚೆಗೆ ಒರೆಸಿಕೊಂಡು ಒಳಗೆ ಬಂದ.

ಕುತ್ತಿಗೆಗೆ ಹಿಡಿದು ಮಾತಾಡುವ ಒಂದು ಯಂತ್ರವಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಸಣ್ಣ ಟಾರ್ಚಿನಷ್ಟು ದೊಡ್ಡದು. ಗುಂಡಿ ಒತ್ತಿ ಗಂಟಲಿಗಿಟ್ಟರೆ ಅದು ನಾದ ಕೊಡುತ್ತದೆ, ನಾಲಿಗೆ ತುಟಿ ಆಡಿಸಿದರೆ ಆ ನಾದವೇ ಮಾತಾಗುತ್ತದೆ. ಕಲಿಯಲು ವಾರಗಟ್ಟಲೆ ಬೇಕು, ಬೇಸರ ಮಾಡಿಕೊಳ್ಳಬಾರದು ಎಂದೂ ಹೇಳಿದ್ದರು. ಬೆಲೆ ಕೇಳಿ ಅಣ್ಣ ಬೇಡವೆಂದು ಕೈ ಆಡಿಸಿದ್ದ. ಅದನ್ನು ನಾನು ಫೋನಿನಲ್ಲಿ ಹುಡುಕಿದೆ. ಹುಡುಕಿದ ಮರುದಿನದಿಂದ ಅದರ ಜಾಹೀರಾತು ತಾನಾಗಿಯೇ ಬರತೊಡಗಿತು. ಆಸ್ಪತ್ರೆಯವರು ಹೇಳಿದ್ದರ ಕಾಲು ಭಾಗ ಬೆಲೆ, ಅದೂ ರೂಪಾಯಿಯಲ್ಲೇ. ಒಬ್ಬ ಮುದುಕ ಯಂತ್ರ ಹಿಡಿದು ಮೊಮ್ಮಗಳ ಜೊತೆ ನಗುತ್ತ ಮಾತಾಡುವ ಚಿತ್ರ. ಇಷ್ಟವಾಗದಿದ್ದರೆ ಹಣ ವಾಪಸ್ ಎಂದು ದಪ್ಪ ಅಕ್ಷರದಲ್ಲಿತ್ತು. ಅಂಗಡಿ ಯಾವ ದೇಶದ್ದು ಎಂದು ನೋಡಲಿಲ್ಲ. ಮಕ್ಕಳಿಗೆ ಪ್ರಶ್ನೆಪತ್ರಿಕೆಯನ್ನು ಎರಡು ಸಲ ಓದಿ ಎಂದು ಹೇಳುವ ನಾನು ಅದನ್ನು ಒಂದು ಸಲ ಓದಿ ಕಾರ್ಡಿನ ನಂಬರು ಕೊಟ್ಟೆ.

ಐದು ವಾರಕ್ಕೆ ಪಾರ್ಸಲ್ ಬಂತು. ನಮ್ಮ ಮನೆಗೆ ಹೊಸದಾಗಿ ಏನೇ ಬರಲಿ, ಬಳಸುವ ಮೊದಲು ಅದಕ್ಕೆ ಭಂಡಾರ ಹಚ್ಚುತ್ತೇವೆ. ಭಂಡಾರ ಎಂದರೆ ಮೈಲಾರದಿಂದ ತರುವ, ದೇವರ ಮುಂದಿಟ್ಟ ಅರಿಶಿನಪುಡಿ. ಕೊಡಲಿ, ಕೊಡ, ಟಿವಿ, ನನ್ನ ಪಿಎಚ್‌ಡಿಯ ಪುಸ್ತಕಗಳು, ಎಲ್ಲಕ್ಕೂ ಹಚ್ಚಿದ್ದೇವೆ. ಅದು ಅತ್ತಿಗೆಯ ಕೆಲಸ. ಅವಳು ಮದುವೆಯಾಗಿ ಬಂದ ವರ್ಷವೇ ನಮ್ಮವ್ವ ಭಂಡಾರದ ಚೀಲವನ್ನು ಅವಳ ಕೈಗೆ ಕೊಟ್ಟಿದ್ದಳು. ಮೂರು ಬೆರಳಿನಲ್ಲಿ ಮೂರು ಗೆರೆ ಎಳೆಯುತ್ತಾಳೆ, ಕೊನೆಗೆ ಒಂದು ಚಿಟಿಕೆ ಮೇಲೆ ಉದುರಿಸುತ್ತಾಳೆ.

ಅವತ್ತು ನಾನೇ ವಿಡಿಯೊ ಮಾಡಿದೆ. ಪಾರ್ಸಲ್ ಬಿಚ್ಚುವುದನ್ನು ವಿಡಿಯೊ ಮಾಡಿಟ್ಟುಕೊಳ್ಳಬೇಕು, ತೊಂದರೆಯಾದರೆ ಸಾಕ್ಷಿ ಇರುತ್ತದೆ ಎಂದು ಶಾಲೆಯಲ್ಲಿ ಯಾರೋ ಹೇಳಿದ್ದರು. ಪೆಟ್ಟಿಗೆ ಬಿಚ್ಚಿದ್ದು, ಯಂತ್ರ ಹೊರತೆಗೆದದ್ದು, ಅತ್ತಿಗೆಯ ಕೈ ಬಂದು ಮೂರು ಗೆರೆ ಎಳೆದದ್ದು, ಚಿಟಿಕೆ ಉದುರಿಸಿದ್ದು, ಎಲ್ಲವೂ ಅದರಲ್ಲಿದೆ. ಆಮೇಲೆ ಅಣ್ಣ ಅದನ್ನು ಎತ್ತಿಕೊಂಡು ಕಣ್ಣಿಗೊತ್ತಿಕೊಂಡ. ಅಲ್ಲಿಗೆ ವಿಡಿಯೊ ಮುಗಿಯುತ್ತದೆ.

ಗುಂಡಿ ಒತ್ತಿದರೆ ಯಂತ್ರ ಗುರ್ರೆನ್ನುತ್ತಿತ್ತು. ಅಣ್ಣ ಅದನ್ನು ಗಂಟಲಿಗೆ ಒತ್ತಿ ತುಟಿ ಆಡಿಸಿದರೆ ಅದೇ ಗುರ್ ಸದ್ದು, ಮಾತಿಲ್ಲ. ಎಡಕ್ಕೆ ಹಿಡಿದ, ಬಲಕ್ಕೆ ಹಿಡಿದ, ಗದ್ದದ ಕೆಳಗೆ ಹಿಡಿದ. ವಾರಗಟ್ಟಲೆ ಬೇಕು ಎಂದು ಡಾಕ್ಟರು ಹೇಳಿದ್ದರಲ್ಲ, ನಾವು ಅವಸರ ಮಾಡಲಿಲ್ಲ. ಬೆಳಿಗ್ಗೆ ಹಟ್ಟಿಯ ಕಸ ಹೊಡೆದ ಮೇಲೆ ಅವನು ಕಟ್ಟೆಗೆ ಕೂತು ಅಭ್ಯಾಸ ಮಾಡುತ್ತಿದ್ದ. ಗಂಟಲಿನ ಚರ್ಮ ಕೆಂಪಾಯಿತು. ಒಂಬತ್ತನೆಯ ದಿನ ಯಂತ್ರವನ್ನು ನನ್ನ ಮುಂದಿಟ್ಟು, ತನ್ನ ತಲೆಯನ್ನು ಬೆರಳಿನಿಂದ ತಟ್ಟಿ ತೋರಿಸಿದ. ನನಗೇ ಬುದ್ಧಿ ಸಾಲದು, ಕಲಿಯಲಿಕ್ಕೆ ಆಗುತ್ತಿಲ್ಲ ಎಂದು ಅದರ ಅರ್ಥ. ಈಗ ನೆನೆದರೆ ನನಗೆ ಎಲ್ಲಕ್ಕಿಂತ ಕಷ್ಟವಾಗುವುದು ಆ ಸನ್ನೆ.

ನಾನು ಅಂಗಡಿಯವರಿಗೆ ಬರೆದೆ. ಮೊದಲ ಉತ್ತರ ಬಹಳ ನಯವಾಗಿತ್ತು. ನನ್ನನ್ನು ಪ್ರಿಯ ಸ್ನೇಹಿತನೇ ಎಂದು ಕರೆದು, ವಿಡಿಯೊ ಇದ್ದರೆ ಕಳಿಸಿ, ಕೂಡಲೇ ಪರಿಹರಿಸುತ್ತೇವೆ ಎಂದಿದ್ದರು. ಸಾಕ್ಷಿ ಇಟ್ಟುಕೊಂಡ ಜಾಣತನಕ್ಕೆ ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡು ಇಡೀ ವಿಡಿಯೊ ಕಳಿಸಿದೆ.

ಎರಡನೆಯ ಉತ್ತರ ಒಂದು ಭಾನುವಾರ ಮಧ್ಯಾಹ್ನ ಬಂತು. ಊಟವಾಗಿತ್ತು. ಅಣ್ಣ ಗೋಡೆಗೆ ಒರಗಿ ಕೂತಿದ್ದ, ಅತ್ತಿಗೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಫೋನು ಸದ್ದು ಮಾಡಿದ್ದು ಅವಳಿಗೂ ಕೇಳಿಸಿತು.

“ಅವರ ಪತ್ರ ಏನು ತಮ್ಮಾ? ಓದಿ ಹೇಳು,” ಎಂದಳು.

ನಾನು ಒಮ್ಮೆ ಮನಸ್ಸಿನಲ್ಲಿ ಓದಿಕೊಂಡು ಆಮೇಲೆ ಹೇಳಬಹುದಾಗಿತ್ತು. ಹಾಗೆ ಮಾಡಲಿಲ್ಲ. ಪಾಠ ಹೇಳಿ ಹೇಳಿ ಬಂದ ಚಾಳಿ, ಒಂದೊಂದೇ ವಾಕ್ಯ ಓದಿ, ಒಂದೊಂದೇ ವಾಕ್ಯ ಕನ್ನಡ ಮಾಡುತ್ತ ಹೋದೆ. ವಿಡಿಯೊ ನೋಡಿದ್ದೇವೆ. ಯಂತ್ರ ಬಳಸುವ ಮೊದಲೇ ಅದರ ಮೇಲೆ ಹಳದಿ ಪುಡಿ ಹಾಕಿದ್ದು ಸ್ಪಷ್ಟವಾಗಿ ಕಾಣುತ್ತದೆ. ಪುಡಿ ಒಳಗೆ ಹೋಗಿ ಯಂತ್ರದ ಧ್ವನಿ ನಾಶವಾಗಿದೆ. ಇದು ಗ್ರಾಹಕರು ಮಾಡಿದ ಹಾನಿ. ಹಣ ಹಿಂದಿರುಗಿಸಲು ಬರುವುದಿಲ್ಲ.

ಕೊನೆಯ ವಾಕ್ಯ ಹೇಳುವಾಗ ನನಗೆ ಎಚ್ಚರವಾಯಿತು. ಆಗಲೇ ಎಲ್ಲವನ್ನೂ ಹೇಳಿಯಾಗಿತ್ತು.

ಮೊರ ನಿಂತಿತ್ತು. “ಗ್ರಾಹಕರು ಅಂದ್ರ ಯಾರು?” ಎಂದಳು ಅತ್ತಿಗೆ.

“ಕೊಂಡವರು. ಅಂದ್ರ ನಾನು,” ಎಂದೆ.

“ನೀ ಪುಡಿ ಹಾಕಿಲ್ಲಲ್ಲ.”

“ಯಕ್ಕಾ, ಅವರು ಸುಳ್ಳ ಹೇಳ್ತಾರ. ರೊಕ್ಕ ಕೊಡಬಾರದು ಅಂತ ಒಂದು ನೆಪ ಹುಡುಕ್ಯಾರ.”

“ನೆಪಕ್ಕಾದ್ರೂ ನನ್ನ ಕೈ ಸಿಕ್ತಲ್ಲ,” ಎಂದು ಅವಳು ಮತ್ತೆ ಮೊರ ಎತ್ತಿಕೊಂಡಳು. ಅಣ್ಣ ಜೋರಾಗಿ ತಲೆ ಅಲ್ಲಾಡಿಸಿದ, ನೆಲಕ್ಕೆ ಅಂಗೈ ಬಡಿದ. ಅವಳು ಜೋಳದ ಮೇಲಿನ ಕಣ್ಣು ತೆಗೆಯಲಿಲ್ಲ. ಅವಳಿಗೆ ತನ್ನ ಮಾತು ಕೇಳಿಸಬೇಕಾದರೆ ಅವಳು ತನ್ನನ್ನು ನೋಡಬೇಕು ಎಂಬುದು ಅಣ್ಣನ ಆಗಿನ ಬದುಕಾಗಿತ್ತು. ಅವಳು ನೋಡದಿದ್ದರೆ ಅವನು ಏನೂ ಹೇಳುವಂತಿರಲಿಲ್ಲ.

ಆಮೇಲೆ ನಾನು ಬಿಡಲಿಲ್ಲ. ದಿನಕ್ಕೊಂದು ಪತ್ರ ಬರೆದೆ. ಯಂತ್ರವನ್ನು ನಿಮ್ಮ ಖರ್ಚಿನಲ್ಲಿ ನಮ್ಮ ದೇಶಕ್ಕೆ ಕಳಿಸಿ, ಪರೀಕ್ಷೆ ಮಾಡುತ್ತೇವೆ ಎಂದು ಅಂಗಡಿಯವರು ಬರೆದರು. ಅಂಚೆ ಕಚೇರಿಯಲ್ಲಿ ಕೇಳಿದರೆ ಕಳಿಸುವ ಖರ್ಚೇ ಯಂತ್ರದ ಬೆಲೆಗಿಂತ ಹೆಚ್ಚು. ಇನ್ನೊಂದು ಪತ್ರದಲ್ಲಿ, ತಪ್ಪು ನಿಮ್ಮದೆಂದು ಒಪ್ಪಿ ಬರೆದುಕೊಟ್ಟರೆ ಕರುಣೆಯಿಂದ ಸ್ವಲ್ಪ ಹಣ ಕೊಡುತ್ತೇವೆ ಎಂದರು. ಬರೆದುಕೊಡಲಿಲ್ಲ. ಈ ಪತ್ರಗಳನ್ನು ನಾನು ಮನೆಯಲ್ಲಿ ಓದಲಿಲ್ಲ. ಅತ್ತಿಗೆ ಕೇಳಲೂ ಇಲ್ಲ.

ಕಾರ್ಡಿನಿಂದ ಕೊಟ್ಟ ಹಣಕ್ಕೆ ಬ್ಯಾಂಕಿನಲ್ಲಿ ತಕರಾರು ಹಾಕಬಹುದು ಎಂದು ತಿಳಿದು ಹಾಕಿದೆ. ಒಂದೂವರೆ ತಿಂಗಳಿಗೆ ಬ್ಯಾಂಕಿಗೆ ಬರಲು ಕರೆ ಬಂತು, ಹೋದೆ. ಬ್ಯಾಂಕಿನ ಹೆಣ್ಣುಮಗಳು ಒಳ್ಳೆಯವಳು, ಕುರ್ಚಿ ಕೊಟ್ಟು ಕೂರಿಸಿದಳು. ಅಂಗಡಿಯವರು ಪುರಾವೆ ಕಳಿಸಿದ್ದಾರೆ ಸರ್, ಅದಕ್ಕೆ ಅವರ ಪರವಾಗಿ ಆಗಿದೆ, ಎಂದು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದಳು. ತೆರೆಯ ತುಂಬ ಅತ್ತಿಗೆಯ ಕೈ. ವಿಡಿಯೊದಿಂದ ಒಂದು ಚಿತ್ರ ಕತ್ತರಿಸಿ, ಬೆರಳುಗಳ ಸುತ್ತ ಕೆಂಪು ವೃತ್ತ ಹಾಕಿದ್ದರು. ನಮ್ಮ ಮನೆಯ ಪ್ರತಿಯೊಂದು ಒಳ್ಳೆಯದರ ಮೇಲೂ ಬಿದ್ದ ಕೈ ಅದು. ಕಳವು ಮಾಡಿ ಸಿಕ್ಕಿಬಿದ್ದವರ ಕೈಯನ್ನು ತೋರಿಸಿದ ಹಾಗೆ ತೋರಿಸಿದ್ದರು. ಆಕೆ ನೀರು ತರಿಸಿ ಕೊಟ್ಟಳು.

ಅವತ್ತು ಯಂತ್ರ ನನ್ನ ಚೀಲದಲ್ಲೇ ಇತ್ತು. ಬಸ್‌ಸ್ಟ್ಯಾಂಡಿನ ಎದುರು ಮೊಬೈಲು, ರೇಡಿಯೊ ರಿಪೇರಿ ಮಾಡುವವನೊಬ್ಬನಿದ್ದಾನೆ, ಅವನ ಮುಂದಿಟ್ಟೆ. ಮೊದಲೇ ಅಲ್ಲಿಗೆ ಹೋಗದೆ ಅಷ್ಟು ದಿನ ಪತ್ರ ಬರೆದುಕೊಂಡು ಕೂತಿದ್ದೆ. ಅವನು ನಾಲ್ಕು ಸ್ಕ್ರೂ ಬಿಚ್ಚಿ, ಒಳಗೆ ಒಮ್ಮೆ ಉಫ್ ಎಂದು ಊದಿ ನಕ್ಕ.

“ಸರ, ಇದು ಮಾತಾಡೋ ಮಿಶಿನ್ ಅಲ್ರಿ. ಮೈಕೈ ನೋವಿಗೆ ಒತ್ಕೊಳ್ಳೋ ಮಿಶಿನ್ ಬರ್ತಾವಲ್ರಿ, ಅದರ ಮೋಟ್ರು. ಮ್ಯಾಲೆ ಬ್ಯಾರೆ ಕವರ್ ಹಾಕ್ಯಾರ.”

ಅರಿಶಿನಪುಡಿ ಒಳಗೆ ಹೋಗಿದೆಯೇ ನೋಡು ಎಂದೆ. ಅವನು ಭೂತಗನ್ನಡಿ ಇಟ್ಟು ನೋಡಿದ.

“ಒಂದು ಕಣ ಇಲ್ಲ ನೋಡ್ರಿ. ಅರಿಶಿಣ ಬಿಡ್ರಿ, ಖಾರದಪುಡಿ ತುಂಬಿದ್ರೂ ಇದು ಬಾಯಿ ಬಿಡ್ತಿದ್ದಿಲ್ಲ,” ಎಂದ. ಹಣ ತೆಗೆದುಕೊಳ್ಳಲಿಲ್ಲ.

ಬಿಚ್ಚಿದ ಯಂತ್ರವನ್ನು ಹಾಗೆಯೇ ಒಂದು ಕಾಗದದಲ್ಲಿ ಸುತ್ತಿಕೊಂಡು ಊರಿಗೆ ಓಡಿದೆ. ಅತ್ತಿಗೆಯ ಮುಂದೆ ಬಿಡಿಸಿಟ್ಟು, ರಿಪೇರಿಯವನ ಮಾತನ್ನು ಒಂದೂ ಬಿಡದೆ ಹೇಳಿದೆ. ಖಾರದಪುಡಿಯ ಮಾತಿಗೆ ಅಣ್ಣನ ಹೆಗಲುಗಳು ನಗುವಿನಿಂದ ಕುಣಿದವು. ಅತ್ತಿಗೆ ನಗಲಿಲ್ಲ. ಮೋಟರನ್ನು ಮುಟ್ಟದೆ, ಬಗ್ಗಿ ನೋಡಿದಳು.

“ಅವತ್ತು ನೀ ಓದಿದ್ದಿ. ಇವತ್ತು ಇದನ್ನ ಹೇಳಾಕತ್ತಿ. ಎರಡೂ ನೀನಽ ಹೇಳಿದ್ದು. ಯಾವುದನ್ನ ನಂಬಲಿ?” ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಆಮೇಲೆ, “ನಾ ಮುಟ್ಟೂಕಿಂತ ಮೊದಲ ಅದನ್ನ ಯಾರರ ಚಾಲೂ ಮಾಡಿ ನೋಡಿದ್ರೇನು?” ಎಂದು ಕೇಳಿದಳು.

ಯಾರೂ ನೋಡಿರಲಿಲ್ಲ. ಇಲ್ಲ ಎಂದೆ. ಅವಳು ಕಾಗದವನ್ನು ಮಡಚಿ ನನ್ನ ಕೈಗೆ ಕೊಟ್ಟಳು.

ಯಂತ್ರ ಮಾರಿದ ಆ ಅಂಗಡಿ ಕೆಲವೇ ದಿನಗಳಲ್ಲಿ ಫೋನಿನಿಂದ ಮಾಯವಾಯಿತು. ಅದೇ ಮುದುಕ, ಅದೇ ಮೊಮ್ಮಗಳು ಈಗ ಬೇರೆ ಹೆಸರಿನ ಅಂಗಡಿಯಲ್ಲಿ ನಗುತ್ತಿದ್ದಾರೆ. ಹಣ ಬರಲಿಲ್ಲ. ಅದರ ದುಃಖ ಬೇಗ ಮುಗಿಯಿತು.

ನಿಜವಾದ ಯಂತ್ರವನ್ನು ಆಸ್ಪತ್ರೆಯ ಮೂಲಕವೇ ತರಿಸಿದೆವು. ಅಲ್ಲಿಯೇ ಒಬ್ಬರು ಅಣ್ಣನ ಕೈ ಹಿಡಿದು ಗಂಟಲಿನ ಯಾವ ಜಾಗಕ್ಕೆ ಇಡಬೇಕೆಂದು ತೋರಿಸಿದರು. ಮನೆಗೆ ಬಂದಾಗ ಅತ್ತಿಗೆ ಅದನ್ನು ದೂರದಿಂದ ನೋಡಿದಳು. ಭಂಡಾರದ ಚೀಲ ಗೂಟದಲ್ಲೇ ಇತ್ತು. ಮೊದಲ ದಿನಗಳಲ್ಲಿ ಸದ್ದು ಮಾತ್ರ ಬರುತ್ತಿತ್ತು, ಮಾತು ಬಿಡಿಬಿಡಿಯಾಗಿ ಬಂದದ್ದು ಎರಡು ತಿಂಗಳಾದ ಮೇಲೆ. ಏರಿಳಿತವಿಲ್ಲದ, ಒಂದೇ ಮಟ್ಟದ ಧ್ವನಿ. ಅದರಿಂದ ಕುರಿಗಳನ್ನು ಕರೆಯಲು ನೋಡಿದ. ಅವು ಬೆದರಿ ಹಿಂದೆ ಸರಿದವು. ಈಗ ಒಂದು ತಟ್ಟೆ ಬಡಿದು ಕರೆಯುತ್ತಾನೆ. ಬರುತ್ತವೆ, ಆದರೆ ಮೊದಲಿನ ಹಾಗೆ ಎಲ್ಲವೂ ಒಟ್ಟಿಗೆ ತಲೆ ಎತ್ತುವುದಿಲ್ಲ.

ಹೋದ ತಿಂಗಳು ನಾನು ಕೊಟ್ಟೂರಿನಿಂದ ಒಂದು ಹಿತ್ತಾಳೆ ಕೊಡ ತಂದೆ. ಅಡುಗೆಮನೆಯ ಹೊಸ್ತಿಲಲ್ಲಿಟ್ಟೆ. ಅತ್ತಿಗೆ ಅದನ್ನು ತೊಳೆದು, ಒರೆಸಿ, ನೀರು ತುಂಬಲು ಎತ್ತಿಕೊಂಡಳು. ಅಣ್ಣ ಅಡ್ಡ ಬಂದು ಕೊಡ ಇಳಿಸಿದ. ಗೂಟದಿಂದ ಚೀಲ ತೆಗೆದು ಅವಳ ಮುಂದೆ ಹಿಡಿದ. ಅವಳು ಬೇರೆ ಕಡೆ ನೋಡಿದಳು. ಆಗ ಅವನು ಇನ್ನೊಂದು ಕೈಯಿಂದ ಯಂತ್ರವನ್ನು ಗಂಟಲಿಗಿಟ್ಟ. ಅವಳು ನೋಡದಿದ್ದರೂ ಈಗ ಅವನು ಹೇಳಬಲ್ಲ.

“ಹಚ್ಚು,” ಎಂದ.

ಮಾತು ಸ್ಪಷ್ಟವಾಗಿತ್ತು. ನಾನು ಬಾಗಿಲಲ್ಲಿದ್ದೆ, ನನಗೂ ಕೇಳಿಸಿತು. ಅತ್ತಿಗೆ ತಿರುಗಿ ಅವನ ಮುಖವನ್ನು, ಆಮೇಲೆ ಗಂಟಲಿನ ಯಂತ್ರವನ್ನು ನೋಡಿದಳು. ಕಣ್ಣು ತುಂಬಿತು. ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ನೀವಽ ಹಚ್ರಿ. ನನ್ನ ಕೈ ಬ್ಯಾಡ,” ಎಂದಳು.

ಅಣ್ಣ ಯಂತ್ರವನ್ನು ಜೇಬಿಗಿಟ್ಟುಕೊಂಡು, ಕೂತು, ಹೆಬ್ಬೆರಳನ್ನು ಚೀಲಕ್ಕೆ ಅದ್ದಿ ಕೊಡದ ಕತ್ತಿನ ಕೆಳಗೆ ಒತ್ತಿದ. ಗೆರೆ ಎಳೆಯಲು ಅವನಿಗೆ ಬರುವುದಿಲ್ಲ. ಅತ್ತಿಗೆ ಆ ಕೊಡದಲ್ಲಿ ದಿನಾ ನೀರು ತರುತ್ತಾಳೆ. ತಿಕ್ಕುವಾಗ ಆ ಜಾಗವನ್ನು ಬಿಟ್ಟು ತಿಕ್ಕುತ್ತಾಳೆ. ನಮ್ಮ ಮನೆಯ ಹಳೆಯ ಸಾಮಾನುಗಳ ಮೇಲೆ ಮಾಸಿದ ಮೂರು ಗೆರೆಗಳಿವೆ. ಆ ಕೊಡದ ಮೇಲೆ ಅಗಲವಾದ ಒಂದೇ ಹೆಬ್ಬೆರಳಿನ ಗುರುತು.