ನೀರಿಗೆ ಅಳುವ ಕೂಸು

ನಮ್ಮ ಅಕ್ಕನ ಮೊಮ್ಮಗಳು ಹಾಲಿಗೆ ಅಳುವುದಿಲ್ಲ, ನೀರಿಗೆ ಅಳುತ್ತಾಳೆ. ಹೋದ ವಾರ ಸವದತ್ತಿಯಿಂದ ಬಂದ ವಿಡಿಯೊ ಕಾಲ್‌ನಲ್ಲಿ ನಾನೇ ನೋಡಿದೆ. ಎದೆಹಾಲು ತಳ್ಳಿ ಕಿರುಚುತ್ತಿದ್ದ ಕೂಸು, ಚಮಚದ ನೀರು ತುಟಿಗೆ ತಾಗಿದ್ದೇ ಗಪ್ಪಾಯಿತು. “ಥೇಟ್ ಆಯಿ ಗತೆನ ನೋಡ್ರಿ!” ಎಂದು ಬೀಗರು ನಕ್ಕರು. ಆಯಿ ಅಂದರೆ ಕೂಸಿನ ಅಜ್ಜಿ, ನಮ್ಮ ಕಸ್ತೂರಕ್ಕ. ನನಗೆ ಮಾತ್ರ ನಗು ಬರಲಿಲ್ಲ, ಹೆದರಿಕೆ ಬಂತು. ಈಕೆಗೆ ಚಿಂತೆ ಮಾಡುವುದೇ ಕಸುಬು ಎಂದು ನೀವನ್ನಬಹುದು. ನಿಜ, ಬಸ್ಸು ತುಸು ತಡವಾದರೆ ಸಾಕು, ನಾನು ಮನಸ್ಸಿನಲ್ಲೇ ಅದನ್ನು ಹಳ್ಳಕ್ಕೆ ಕೆಡವಿರುತ್ತೇನೆ. ಆದರೆ ಈ ಚಿಂತೆಗೆ ಕಾರಣವಿತ್ತು.

ಅಕ್ಕನದು ಹುಟ್ಟಾ ನೀರಡಿಕೆ. ನೇಸರಗಿಯ ಮನೆಯಲ್ಲಿ ಅವಳ ಹಾಸಿಗೆಯ ಪಕ್ಕ ತಂಬಿಗೆಯಲ್ಲ, ಕೊಡವೇ ಇರುತ್ತಿತ್ತು. ಕುಡಿದದ್ದೆಲ್ಲ ಹಾಗೇ ಹೊರಗೆ ಹೋಗುವುದು. ಸಕ್ಕರೆ ಕಾಯಿಲೆಯೇ ಇರಬೇಕೆಂದು ಪರೀಕ್ಷೆ ಮಾಡಿಸಿದರೆ ಅದೂ ಇಲ್ಲ. “ಕುಡಿಯೋದ ಬಿಟ್ರ ಹೋಗೋದೂ ನಿಲ್ತೈತಿ” ಅನ್ನುತ್ತಿದ್ದಳು ಅವ್ವ. ನಮಗೆಲ್ಲ ಅದು ಸರಿಯೆಂದೇ ತೋರುತ್ತಿತ್ತು.

ಕೆಲವು ವರ್ಷಗಳ ಹಿಂದೆ ಅಕ್ಕನ ಮಗಳ ನಿಶ್ಚಯಕ್ಕೆ ಕ್ರೂಸರ್ ಗಾಡಿ ಮಾಡಿಕೊಂಡು ಸವದತ್ತಿಗೆ ಹೊರಟೆವು. ಹುಡುಗ ನಮ್ಮ ಸೋದರತ್ತೆಯ ಮೊಮ್ಮಗನೇ. ಸಂಬಂಧ ಹೊರಗೆ ಹೋಗಬಾರದಲ್ಲ! ಪರ ಊರಿಗೆ ಹೊರಟ ನಮ್ಮ ಕಡೆಯ ಹೆಂಗಸರು ಬೆಳಗಿನಿಂದ ನೀರು ಮುಟ್ಟುವುದಿಲ್ಲ. ಗಂಡಸರು ತುಂಬಿದ ಗಾಡಿಯಲ್ಲಿ ‘ನಿಲ್ಲಿಸಿ’ ಎಂದು ಬಾಯಿ ಬಿಡುವವರು ಯಾರು? ಬೀಗರು ಬೆಲ್ಲ-ನೀರು ತಂದಿಟ್ಟರೆ ಅಕ್ಕ ಬೆಲ್ಲವನ್ನಷ್ಟೇ ಬಾಯಿಗೆ ಹಾಕಿಕೊಂಡಳು.

“ಒಂದ ಗುಟುಕರ ಕುಡಿಯಕ್ಕಾ” ಎಂದೆ.

“ಸುಮ್ನಿರ. ಕುಡಿದ್ರ ಬಚ್ಚಲಾ ಎಲ್ಲೈತಿ ಅಂತ ಕೇಳಬೇಕಾಗ್ತೈತಿ.”

ಉಡಿ ತುಂಬುವ ಹೊತ್ತಿಗೆ ಅವಳ ಮಾತು ತೊದಲಿತು. ಎದುರಿಗೆ ಕುಳಿತ ಮಗಳ ಗುರುತು ಹತ್ತಲಿಲ್ಲ. ಕುಂತಲ್ಲೇ ಒರಗಿಬಿಟ್ಟಳು.

ಧಾರವಾಡದ ಆಸ್ಪತ್ರೆಯಲ್ಲಿ ಅವಳಿಗೆ ಎಚ್ಚರ ಬಂದ ಮೇಲೆ ಡಾಕ್ಟರಬಾಯಿ ನಮಗೆ ತಿಳಿಸಿ ಹೇಳಿದರು. ಕಿಡ್ನಿಯ ಜೀವಕೋಶಗಳ ಗೋಡೆಯಲ್ಲಿ ನೀರು ಹಾಯಲೆಂದೇ ಪ್ರೋಟೀನಿನ ಸಣ್ಣ ಸಣ್ಣ ಬಾಗಿಲುಗಳಿರುತ್ತವಂತೆ. ಮೂತ್ರವಾಗಿ ಹೋಗಲಿದ್ದ ನೀರು ಅವುಗಳ ಮೂಲಕವೇ ಮೈಗೆ ಮರಳುವುದು.

“ನಿಮ್ಮ ಅಕ್ಕಾರಿಗೆ ಬಾಗಲಾ ತಯಾರ ಆಗ್ತಾವ್ರಿ. ಆದ್ರ ಬಡಿಗ್ಯಾನ ಅಂಗಡ್ಯಾಗ ಉಳದಬಿಡ್ತಾವ, ಗ್ವಾಡಿಗಿ ಬಂದು ಕೂಡಂಗಿಲ್ಲ. ಇವರಿಗೆ ನೀರ ಕುಡಿಯೋದ ತಡದ್ರ ಜೀವಕ್ಕ ಕುತ್ತು.”

“ಹಂಗಾರ ಅವನ್ನ ಗ್ವಾಡಿಗಿ ಮುಟ್ಟಸೋ ಗುಳಿಗಿ ಕೊಡ್ರಿ” ಎಂದೆ, ಕಿರಾಣಿ ಅಂಗಡಿಯಲ್ಲಿ ಸಾಬೂನು ಕೇಳಿದ ಹಾಗೆ.

“ಹುಡುಕಾಕತ್ತಾರ್ರಿ. ಇನ್ನೂ ಸಿಕ್ಕಿಲ್ಲ. ಈಗಿನ ಗುಳಿಗಿ ನೀರ ಹೊರಗ ಹೋಗೋದನ್ನ ಸ್ವಲ್ಪ ತಡೀತಾವ, ಅಷ್ಟ.”

ತಂದೆ ತಾಯಿ ಇಬ್ಬರ ಕಡೆಯಿಂದಲೂ ಬಂದರೆ ಈ ದೋಷ ಎದ್ದು ಕಾಣುತ್ತದೆ, ಸಂಬಂಧದೊಳಗೆ ಹೆಣ್ಣು ಕೊಡುವಾಗ ವಿಚಾರ ಮಾಡಿ ಎಂದೂ ಅಂದರು. ಮಾತು ಆಗಿಹೋಗಿತ್ತು, ಎಲೆ-ಅಡಿಕೆ ಹಂಚಿ ಆಗಿತ್ತು. ಮದುವೆಯೂ ಆಯಿತು.

ನಿನ್ನೆ ಕೂಸನ್ನು ಅದೇ ಡಾಕ್ಟರಬಾಯಿಗೆ ತೋರಿಸಿದೆವು. ರಕ್ತ ತೆಗೆದರು, ವರದಿ ಬರಬೇಕು. ಇಷ್ಟು ವರ್ಷ ತನಗಾಗಿ ಒಮ್ಮೆಯೂ ಕೇಳದ ಅಕ್ಕ, ಕೂಸಿನ ಕಾಲು ಹಿಡಿದುಕೊಂಡೇ ಕೇಳಿದಳು: “ಬಾಯಾರ, ಆ ಗುಳಿಗಿ ಸಿಕ್ತೇನ್ರಿ?”

“ಇನ್ನೂ ಇಲ್ರಿ. ಈಕಿ ದೊಡ್ಡಾಕಿ ಆಗೋದ್ರಾಗ ಬಂದ್ರ ಬರಬಹುದು. ಅಲ್ಲೀತನಕ ಕೇಳಿದಾಗೆಲ್ಲ ನೀರು ಕೊಡ್ರಿ.”

ಸವದತ್ತಿ ಬಸ್ಸು ಹತ್ತಿದೆವು. ಕೂಸು ತಾಯಿಯ ತೊಡೆಯ ಮೇಲೆ ಮಲಗಿತ್ತು. ವರದಿ ಬರುವ ಮೊದಲೇ ನಾನು ಮನಸ್ಸಿನಲ್ಲಿ ಅದನ್ನು ಓದಿ ಮುಗಿಸಿದ್ದೆ. ಅಕ್ಕ ಎಲ್ಲರೆದುರು ಬಾಟಲಿ ಎತ್ತಿ ಗಟಗಟ ಕುಡಿದಳು. ಇನಾಮಹೊಂಗಲ ದಾಟಿದ ಮೇಲೆ ಎದ್ದು ನಿಂತು, “ಕಂಡಕ್ಟರ್ ಸಾಹೇಬ್ರ, ಗಾಡಿ ನಿಲ್ಲಸ್ರಿ. ನಾ ಹೋಗಿ ಬರಬೇಕ” ಎಂದಳು. ಹಿಂದೆ ಯಾರೋ ಕಿಸಕ್ಕೆಂದರು. ನನಗೆ ಮುಖ ಎತ್ತಲಾಗದಂತಾಗಿ ಅವಳ ಸೆರಗು ಜಗ್ಗಿದೆ.

“ಬಿಡ. ಈ ಕೂಸು ನಾಳೆ ಯಾರನ್ನ ನೋಡಿ ಕೇಳಾಕ ಕಲೀಬೇಕ?”

ಬಸ್ಸು ನಿಂತಿತು. ಅಕ್ಕ ಇಳಿದು ಜಾಲಿಗಂಟಿಗಳ ಮರೆಗೆ ನಡೆದಳು. ನಾನೂ ಇಳಿದೆ. ನನಗೂ ಬೆಳಗಿನಿಂದ ಹೋಗಬೇಕಿತ್ತು.