ತಿರುವಿನ ಮೇಲಿನ ಶಿವಕಾಂತಾ

ಪಿಂಪ್ರಿ-ಚಿಂಚವಾಡದ ಅಂಚಿನಲ್ಲಿ ಕಾಂಕ್ರೀಟ್ ಪಂಪಿನ ಲಾರಿ ಮೂಗು ತೂರಿಸಲಾರದ ಓಣಿಗಳಿವೆ. ಅಂಥ ಕಡೆ ಮನೆಯ ಸ್ಲ್ಯಾಬ್ ಹಾಕಲು ಇಪ್ಪತ್ತಾರು ಜನರ ಸಾಲು ಬರುತ್ತದೆ. ಕೆಳಗೆ ಕಲೆಸಿದ ಕಾಂಕ್ರೀಟು ಗಮೇಲಾ ಎಂಬ ಕಬ್ಬಿಣದ ಬುಟ್ಟಿಯಲ್ಲಿ ಕೈಯಿಂದ ಕೈಗೆ ಮೆಟ್ಟಿಲು ಹತ್ತುತ್ತದೆ. ಸಾಲಿನಲ್ಲಿ ಅತಿ ಕಷ್ಟದ ಜಾಗ ಮೆಟ್ಟಿಲು ತಿರುಗುವಲ್ಲಿ. ಅಲ್ಲಿ ನಿಂತವರ ಕೂಗಿಗೇ ಸಾಲು ಓಡಬೇಕು, ನಿಲ್ಲಬೇಕು.

ಯಾದಗಿರಿ ಕಡೆಯ ಶಿವಕಾಂತಾ ಇಪ್ಪತ್ತೆರಡು ವರ್ಷ ಆ ತಿರುವನ್ನು ಯಾರಿಗೂ ಬಿಟ್ಟುಕೊಟ್ಟವಳಲ್ಲ. ಗ್ಯಾಂಗಿನ ಬೆನ್ನೆಲುಬು ಅವಳೇ ಎಂದು ಎಲ್ಲರೂ ಹೇಳುತ್ತಿದ್ದರು. ಕಳೆದ ಜನವರಿಯಲ್ಲಿ ಬೆನ್ನೆಲುಬಿಗೇ ಬೆನ್ನುನೋವು ಬಂತು. ಸೊಂಟದಲ್ಲಿ ಹುಟ್ಟಿದ ನೋವು ಬಲಗಾಲಿನ ಮೀನಖಂಡದವರೆಗೆ ಇಳಿಯಿತು. ಮೇಲೇರುವುದೇ ಕಸುಬಾದವಳಿಗೆ ನೋವು ಮಾತ್ರ ಇಳಿಮುಖ.

ಓಣಿಯ ಕ್ಲಿನಿಕ್ಕಿನವನು ಅವಳ ಬೆನ್ನು ಮುಟ್ಟುವ ಗೋಜಿಗೆ ಹೋಗದೆ ಚೀಟಿ ಬರೆದುಕೊಟ್ಟ: ಎಂಆರ್‌ಐ, ಖಾಸಗಿ ಸೆಂಟರ್, ನಾಳೆಯೇ. ಗುತ್ತಿಗೆದಾರ ಪ್ರಲ್ಹಾದ ಸೊಲ್ಲಾಪುರದವ, ಕನ್ನಡಕ್ಕೆ ಮರಾಠಿಯ ಒಗ್ಗರಣೆ ಹಾಕಿ ಮಾತಾಡುವವ. ಆ ಚೀಟಿ ನೋಡಿ ಅವನಿಗೊಂದು ಐಡಿಯಾ ಹೊಳೆಯಿತು.

"ತಾಯಿ, ಫೋಟೋ ತೆಗಸ್. ರಿಪೋರ್ಟ್ ಕ್ಲಿಯರ್ ಬಂತಂದ್ರ ತಿರುವು ನಿಂದ. ನಾಹೀ ತರ್ ಸಂಕಪ್ಪ ನಿಲ್ತಾನ."

ಸಂಕಪ್ಪ ಅದೇ ಗ್ಯಾಂಗಿನ ದಾಂಡಿಗ. ಆ ಜಾಗದ ಮೇಲೆ ಅವನಿಗೆ ನಾಲ್ಕು ವರ್ಷದಿಂದ ಕಣ್ಣಿತ್ತು.

ತಗಡಿನ ಪತ್ರಾ ಶೆಡ್ಡಿನ ಮನೆಯಲ್ಲಿ ಅಂದು ಸಂಜೆ ಸಭೆ ಕೂತಿತು. ಗಂಡ ಹುಲಿಗೆಪ್ಪ ಕಟ್ಟಡದ ವಾಚ್‌ಮನ್ ಆದ್ದರಿಂದ ಕಾಯುವುದೇ ಅವನ ಸ್ವಭಾವ. "ಸ್ವಲ್ಪ ದಿನ ನೋಡಮು" ಎಂದ. ಪಕ್ಕದ ಚಂದಮ್ಮ ಸಾಲಿನಲ್ಲಿ ಶಿವಕಾಂತಾಳ ಕೆಳಗಿನ ಮೆಟ್ಟಿಲಿನವಳು. ಅವಳಿಗೆ ಹೋದ ವರ್ಷ ಸ್ಕ್ಯಾನ್ ಆಗಿತ್ತು. ಅದನ್ನವಳು ಮರಿಆಯಿ ದೇವಿಗೆ ಹರಕೆ ತೀರಿಸಿ ಬಂದವಳಂತೆ ಹೇಳುತ್ತಿದ್ದಳು.

"ಎಮ್ಮಾರಾಯಿ ಮಾಡಸ್ ಅಕ್ಕಾ. ನನ್ನ ಬ್ಯಾನಿ ಹೋಗಿದ್ದ ಅದರಿಂದ."

"ಒಳಗ ಏನ್ ಮಾಡಿದ್ರು?"

"ಏನಿಲ್ಲ. ಕೊಳವಿಯೊಳಗ ಮಲಗಸಿದ್ರು. ಕಾಂಕ್ರೀಟ್ ಒಡಿಯೂ ಬ್ರೇಕರ್ ಹೊಡದಂಗ ಸಪ್ಪಳ. ಅಳ್ಳಾಡಬ್ಯಾಡ ಅಂದ್ರು, ಅಳ್ಳಾಡಲಿಲ್ಲ."

"ಸೂಜಿ?"

"ಇಲ್ಲ."

"ಗುಳಿಗಿ?"

"ಇಲ್ಲವಾ. ಬರೇ ಸಪ್ಪಳ."

"ಆಮ್ಯಾಲ?"

"ಆಮ್ಯಾಲೇನು, ಮನಿಗಿ ಬಂದೆ. ನನ್ನ ಅತ್ತಿ ಒಂದು ತಿಂಗಳು ಕೊಡಾ ಸೈತ ಎತ್ತಗೊಡಲಿಲ್ಲ."

ಶಿವಕಾಂತಾ ಬೆರಳು ಮಡಚಿ ಲೆಕ್ಕ ಹಾಕಿದಳು. "ಹಂಗಾದ್ರ ನಿನ್ನ ಬ್ಯಾನಿ ಕಳದದ್ದು ನಿಮ್ಮ ಅತ್ತಿ. ಎಮ್ಮಾರಾಯಿ ಅಲ್ಲ."

ಒಬ್ಬ ಅತ್ತೆಗೆ ಇಷ್ಟು ದೊಡ್ಡ ಸರ್ಟಿಫಿಕೇಟು ಆ ಓಣಿಯಲ್ಲಿ ಹಿಂದೆಂದೂ ಸಿಕ್ಕಿರಲಿಲ್ಲ. ಚಂದಮ್ಮನ ಮುಖ ಸಪ್ಪೆಯಾಯಿತು.

ಆದರೂ ಪ್ರಶ್ನೆ ಬಗೆಹರಿಯಲಿಲ್ಲ. ಸ್ಕ್ಯಾನ್ ಬೇಡವೆಂದರೆ ಪ್ರಲ್ಹಾದ ತಿರುವು ಕೊಡುವುದಿಲ್ಲ. ಒಳಗೆ ನಿಜಕ್ಕೂ ಏನಾದರೂ ಮುರಿದಿದ್ದರೆ? ಮರುದಿನ ಅವಳು ಚೀಟಿ ಹಿಡಿದು ಧರ್ಮಾರ್ಥ ಆಸ್ಪತ್ರೆಯೊಂದರ ಸಾಲಿನಲ್ಲಿ ನಿಂತಳು. ಸಾಲು ಅವಳಿಗೆ ಹೊಸದೇನಲ್ಲ.

ಅಲ್ಲಿಯ ಡಾಕ್ಟರಮ್ಮ ಚೀಟಿಯನ್ನು ಪಕ್ಕಕ್ಕಿಟ್ಟು ಮೊದಲು ಅವಳನ್ನು ಓದಿದಳು. ಹಿಮ್ಮಡಿಯ ಮೇಲೆ ನಡೆಸಿದಳು, ತುದಿಗಾಲಲ್ಲಿ ನಡೆಸಿದಳು, ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ಬಡಿದಳು. ಪಾದ ಜೋಮು ಹಿಡಿಯುತ್ತದೆಯೇ, ಮೂತ್ರಕ್ಕೆ ತೊಂದರೆಯಿದೆಯೇ, ಜ್ವರ ಬಂದಿತ್ತೇ ಎಂದು ಮರಾಠಿಯಲ್ಲಿ ಕೇಳಿದಳು. ಎಲ್ಲಕ್ಕೂ ಇಲ್ಲ. ಕೊನೆಗೆ, ಕೆಲಸ ಹೇಗೆ ಮಾಡುತ್ತೀ, ತೋರಿಸು ಎಂದಳು.

ಶಿವಕಾಂತಾ ಮೂಲೆಯ ಕಸದ ಬುಟ್ಟಿ ಎತ್ತಿದಳು. ಕಾಲು ಊರಿ, ಎಡದಿಂದ ತೆಗೆದುಕೊಂಡು ಸೊಂಟ ತಿರುಚಿ ಬಲಕ್ಕೆ ಕೊಟ್ಟಳು. ಮತ್ತೆ ಎಡ, ಮತ್ತೆ ಬಲ. ಹತ್ತನೆಯ ಸಲಕ್ಕೆ ಡಾಕ್ಟರಮ್ಮ ಕೈ ಹಿಡಿದಳು.

"ಯಾವಾಗಲೂ ಬಲಕ್ಕೇ?"

"ಮನಿ ಕಟ್ಟೂದ್ರೀ. ಎಡಗೈಲೆ ಕೊಡಬಾರದು" ಎಂದು ಶಿವಕಾಂತಾ ತನಗೆ ಬಂದ ಮರಾಠಿಯಲ್ಲಿ ಹೇಳಿದಳು.

ಮಂಗಳ ಕಾರ್ಯಕ್ಕೆ ಬಲಗೈ. ಸ್ಲ್ಯಾಬೂ ಮಂಗಳ ಕಾರ್ಯವೇ. ಆದ್ದರಿಂದ ಇಡೀ ಗ್ಯಾಂಗು ಇಪ್ಪತ್ತೆರಡು ವರ್ಷ ಒಂದೇ ದಿಕ್ಕಿಗೆ ನುಲಿದಿತ್ತು, ಹಗ್ಗ ಹೊಸೆದಂತೆ. ಊರವರ ಮನೆಗಳಿಗೆಲ್ಲ ಶುಭವಾಯಿತು, ಅವಳ ಸೊಂಟ ಒಂದನ್ನು ಬಿಟ್ಟು.

ಡಾಕ್ಟರಮ್ಮ ಬಿಡಿಸಿ ಹೇಳಿದಳು. ಈಗ ಸ್ಕ್ಯಾನ್ ಬೇಡ. ಇಷ್ಟು ವರ್ಷ ಭಾರ ಹೊತ್ತ ಬೆನ್ನಿನ ಫೋಟೋದಲ್ಲಿ ಏನಾದರೊಂದು ಸವೆತ ಕಂಡೇ ಕಾಣಬಹುದು. ನೋವಿಗೆ ಅದೇ ಕಾರಣ ಎನ್ನಲಾಗದು. ಆರು ವಾರ ಭಾರ ಬೇಡ, ಆದರೆ ಮಲಗಿಯೇ ಇರುವುದೂ ಬೇಡ. ನಡೆ, ಈ ವ್ಯಾಯಾಮ ಮಾಡು. ಕಾಲಿನ ಶಕ್ತಿ ಕುಂದಿದರೆ, ಮೂತ್ರ ಕಟ್ಟಿದರೆ, ತೊಡೆಯ ಸಂದಿ ಮರಗಟ್ಟಿದರೆ ಆ ಕ್ಷಣವೇ ಬಾ, ಆಗ ನಾನೇ ಸ್ಕ್ಯಾನ್ ಮಾಡಿಸುತ್ತೇನೆ.

ಶಿವಕಾಂತಾಳಿಗೆ ಎರಡು ವಿಷಯ ಹೊಳೆದವು. 'ಕ್ಲಿಯರ್' ಎಂಬ ರಿಪೋರ್ಟು ತನ್ನ ವಯಸ್ಸಿನ ಹಮಾಲಿಗೆ ಬರುವುದು ಕಷ್ಟ. ಬಂದದ್ದನ್ನು ಓದುವವನು ಡಾಕ್ಟರಲ್ಲ, ಪ್ರಲ್ಹಾದ. ಅವಳು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಎಲೆಅಡಿಕೆಯ ಚೀಲಕ್ಕೆ ಹಾಕಿದಳು.

ಆರು ವಾರ ಗೋಡೆಗಳಿಗೆ ಪೈಪಿನಿಂದ ನೀರು ಹೊಡೆದಳು. ಬೆಳಿಗ್ಗೆ ಶೆಡ್ಡಿನ ನೆಲದ ಮೇಲೆ ಮಲಗಿ ಸೊಂಟ ಎತ್ತಿದಳು. ಹುಲಿಗೆಪ್ಪ ಬೆಂಚಿನ ಮೇಲೆ ಕೂತು ಎಣಿಸಿದ. "ಹನ್ನೊಂದು" ಎಂದು ಎರಡು ಸಲ ಹೇಳಿ ಬೈಸಿಕೊಂಡ. ಮೂರನೆಯ ವಾರ ನೋವು ಮೊಣಕಾಲಿನವರೆಗೆ ಹಿಂದೆ ಸರಿಯಿತು, ಐದನೆಯ ವಾರ ಸೊಂಟದಲ್ಲಿ ಸಣ್ಣಗೆ ಉಳಿಯಿತು, ಆಮೇಲೆ ಹೇಳದೆ ಕೇಳದೆ ಹೋಯಿತು. ಡಾಕ್ಟರಮ್ಮ ಮತ್ತೆ ನೋಡಿ ಕೆಲಸಕ್ಕೆ ಹೋಗಲು ಒಪ್ಪಿದಳು, ಒಂದೇ ಕರಾರಿನ ಮೇಲೆ: ಸೊಂಟ ತಿರುಚಬೇಡ, ಪಾದ ತಿರುಗಿಸು, ದಿಕ್ಕು ಬದಲಿಸು.

ಏಳನೆಯ ವಾರ ಮೂರನೇ ಮಹಡಿಯ ಸ್ಲ್ಯಾಬು.

"ರಿಪೋರ್ಟ್ ಕುಠೇ, ಎಲ್ಲದ?" ಎಂದ ಪ್ರಲ್ಹಾದ.

"ನಾನೇ ರಿಪೋರ್ಟ್. ನಿಂತೀನಿ, ನೋಡ್ರಿ."

ಪ್ರಲ್ಹಾದ ನೋಡಿದ, ಒಪ್ಪಲಿಲ್ಲ. ತಿರುವಿಗೆ ಸಂಕಪ್ಪ ಹತ್ತಿದ. ಶಿವಕಾಂತಾ ಸಾಲಿನ ಕೊನೆಗೆ ಹೋಗಿ ಖಾಲಿ ಗಮೇಲಾ ಕೆಳಗೆ ಕಳಿಸುತ್ತ ನಿಂತಳು. ಹತ್ತೂವರೆಯ ಚಹಾದ ಹೊತ್ತಿಗೆ ಸಂಕಪ್ಪ ಎರಡೂ ಕೈ ಸೊಂಟದ ಮೇಲಿಟ್ಟು ಆಕಾಶ ನೋಡುತ್ತಿದ್ದ. ಕೆಳಗೆ ಮಿಕ್ಸರಿನಲ್ಲಿ ಕಾಂಕ್ರೀಟು ಗಟ್ಟಿಯಾಗತೊಡಗಿತ್ತು. ಪ್ರಲ್ಹಾದನ ದನಿ ಮಾತ್ರ ಮೆತ್ತಗಾಗಿತ್ತು.

"ತಾಯಿ, ಏನಾದ್ರೂ ಮಾಡು."

ಅವಳು ತಿರುವಿಗೆ ಹತ್ತಿದಳು. "ಎಲ್ಲಾರೂ ಮಕಾ ಈ ಕಡೆ ಮಾಡ್ರಿ" ಎಂದಳು. ಗೋಡೆ ನೋಡುತ್ತಿದ್ದವರು ಬಯಲು ನೋಡಬೇಕು. ಆಗ ಬಲ ಎಡವಾಗುತ್ತದೆ, ನುಲಿದದ್ದು ಬಿಚ್ಚಿಕೊಳ್ಳುತ್ತದೆ.

ಚಂದಮ್ಮ ಗಾಬರಿಯಾದಳು. "ಎಡಗೈಲೆ ಕೊಟ್ಟಂಗಾಗ್ತದ ಅಕ್ಕಾ. ಮನಿ ಸೋರ್ತದ."

"ಗಮೇಲಾ ಎರಡೂ ಕೈಲೆ ಹಿಡೀತೀವಿ. ಯಾವ ಕೈ ಕೊಟ್ಟಿತು ಅಂತ ಸಿಮೆಂಟಿಗಿ ಯಾರ್ ಹೇಳಬೇಕು, ನೀ ಹೇಳ್ತಿ?"

ಮೆಟ್ಟಿಲ ಮೇಲಿಂದ ಕೆಳಗಿನವರೆಗೆ ನಗೆ ಕೈಯಿಂದ ಕೈಗೆ ಇಳಿಯಿತು. ಅಲ್ಲೇ ಕಾವಲಿದ್ದ ಹುಲಿಗೆಪ್ಪನೇ ಮೊದಲು ಹೋಗಿ, ಸಂಕಪ್ಪನ ಬದಲಿಗೆ ಸಾಲಿನ ಬುಡದಲ್ಲಿ ಮುಖ ತಿರುಗಿಸಿ ನಿಂತ. ಅವಳ ಹಳೆಯ ಕೂಗು "ಹೋಯ್" ಎಂದಾಗಿತ್ತು. ಇಂದು ಹೊಸದೊಂದು ಬಂತು: "ಪಾದಾ!"

ಐವತ್ತೆರಡು ಪಾದಗಳು ಒಟ್ಟಿಗೆ ತಿರುಗಿದವು. ಗಮೇಲಾಗಳು ಹತ್ತತೊಡಗಿದವು. ಊಟದ ಮೇಲೆ ಸಾಲು ಮತ್ತೆ ಗೋಡೆಗೆ ಮುಖ ಮಾಡಿತು, ಮೂರಕ್ಕೆ ಮತ್ತೆ ಬಯಲಿಗೆ. ಕತ್ತಲಾಗುವವರೆಗೆ ಎಳೆಯುತ್ತಿದ್ದ ಕೆಲಸ ಆ ದಿನ ನಾಲ್ಕೂವರೆಗೆ ಮುಗಿಯಿತು. ಮನೆಯ ಯಜಮಾನತಿ ತೆಂಗಿನಕಾಯಿ ಒಡೆದು ಮೊದಲ ಚೂರನ್ನು ತಿರುವಿನ ಮೇಲಿದ್ದವಳಿಗೇ ಕೊಟ್ಟಳು. ಶಿವಕಾಂತಾ ಎರಡೂ ಕೈ ಒಡ್ಡಿದಳು. ಆ ಮನೆ ಒಂದು ಮಳೆಗಾಲ ಕಂಡಿದೆ, ಹನಿ ಸೋರಿಲ್ಲ.

ಕೈಕಾಲು ತೊಳೆಯುವಾಗ ಸಂಕಪ್ಪ ಪಕ್ಕಕ್ಕೆ ಬಂದ. "ಅಕ್ಕಾ, ಟೊಂಕ ಹಿಡದದ. ನಾ ಎಮ್ಮಾರಾಯಿ ಮಾಡಸ್ಲೇನು?"

ಅವಳು ಚೀಲದಿಂದ ಎಲೆ ತೆಗೆದಳು, ಚೀಟಿ ಬದಿಗೆ ಸರಿಸಿ ಸುಣ್ಣ ಹುಡುಕಿದಳು.

"ಮದಲ ಆ ಡಾಕ್ಟರಮ್ಮಗ ತೋರಸು. ನಾಳಿ ನನ್ನ ಮಗ್ಗಲ ನಿಂದರು, ತಿರಗೂದು ಕಲಸ್ತೀನಿ. ತಿರುವು ಮಾತ್ರ ಕೇಳಬ್ಯಾಡ."