ಉದ್ದಾಂವ, ಗಿಡ್ಡಾಂವ ಮತ್ತು ತೊಂಬತ್ತೇಳು ಅಂಕ

ಮಾರ್ಚ್ 3, ಸೋಮವಾರ, ಬೆಳಿಗ್ಗೆ 10.40. ಬಾಗಲಕೋಟೆಯ ನವನಗರದಲ್ಲಿ ನಾನು ಕೆಲಸ ಮಾಡುವ ಕಣ್ಣಿನ ದವಾಖಾನೆಯ ನೋಂದಣಿ ಕಿಟಕಿಗೆ ಇಳಕಲ್ಲಿನ ನೇಕಾರರೊಬ್ಬರು ಬಂದರು. ಅರವತ್ತು ದಾಟಿದ ಗಿಡ್ಡ ಆಳು. ಹೆಂಡತಿ ಕೈ ಹಿಡಿದು ಕರೆತಂದಿದ್ದರು. ಎಡಗಣ್ಣು ಹುಡುಗನಾಗಿದ್ದಾಗಲೇ ಮಗ್ಗದ ಲಾಳಿ ಸಿಡಿದು ಹೋಗಿತ್ತು. ಉಳಿದದ್ದು ಬಲಗಣ್ಣು, ಅದರ ಪೊರೆ ಹಾಲಿನಂತೆ ಬೆಳ್ಳಗಾಗಿದ್ದು ಕಿಟಕಿಯ ಈಚೆಯಿಂದಲೇ ಕಾಣುತ್ತಿತ್ತು.

ಹೆಸರು ಹಾಕಿದೆ. ಪರದೆಯ ಮೇಲೆ ಬಂತು: ಬಲಗಣ್ಣಿನ ಪೊರೆ ಶಸ್ತ್ರಚಿಕಿತ್ಸೆ ಆಗಿದೆ, ಬಾದಾಮಿ ಶಾಖೆ.

"ಕಾಕಾರ, ನಿಮ್ಮ ಬಲಗಣ್ಣ ಆಪರೇಶನ್ ಆಗೇದ ಅಂತ ತೋರಸ್ತದಲ್ರಿ."

"ಯಾರಿಗೆ ಆಗೈತಿ?"

"ನಿಮಗರಿ. ಬಾದಾಮ್ಯಾಗ."

"ನನಗ ಆಗಿದ್ರ ಇಕಿ ಕೈ ಹಿಡ್ಕೊಂಡು ಯಾಕ ಬರ್ತಿದ್ನಿ ಯವ್ವಾ? ನಿನ್ನ ಮಾರಿನ ಕಾಣವಲ್ದು ನನಗ."

ಸ್ವಲ್ಪ ಯೋಚಿಸಿ ಅವರೇ ನಕ್ಕರು. "ಓಹೋ, ಬಾದಾಮ್ಯಾಗ ಮಾಡಿಸ್ಕೊಂಡಾಂವ ಉದ್ದಾಂವ. ನಾ ಗಿಡ್ಡಾಂವ."

ಇದು ಹೇಗಾಯಿತೆಂಬುದನ್ನು ಹೇಳಬೇಕು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಈ ನಾಲ್ಕೂ ಕಡೆಯ ನಮ್ಮ ರೋಗಿಗಳ ದಾಖಲೆಯನ್ನು ಕಳೆದ ವರ್ಷ ಒಂದೇ ಕಡೆ ಸೇರಿಸಿದರು. ಒಬ್ಬರೇ ಎರಡು ಮೂರು ಕಡೆ ಹೆಸರು ಬರೆಸಿರುತ್ತಾರೆ. ಅವರನ್ನು ಹುಡುಕಲು ಒಂದು ಕಂಪನಿಯ ಸಾಫ್ಟ್‌ವೇರ್ ಬಂತು. ಅದು ಎರಡೆರಡು ದಾಖಲೆಗಳ ಹೆಸರು, ವಿಳಾಸ, ಹುಟ್ಟಿದ ದಿನ, ಫೋನ್ ನಂಬರು ಹೋಲಿಸಿ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತದೆ. ಎಪ್ಪತ್ತಕ್ಕಿಂತ ಕಡಿಮೆಯಾದರೆ ಬಿಟ್ಟುಬಿಡುತ್ತದೆ. ಎಪ್ಪತ್ತರಿಂದ ತೊಂಬತ್ತೈದರವರೆಗಿನ ಜೋಡಿಗಳನ್ನು ನಮ್ಮಂಥವರು ಕಣ್ಣಿಟ್ಟು ನೋಡಬೇಕು. ಅದರ ಮೇಲಿದ್ದರೆ ಯಾರನ್ನೂ ಕೇಳದೆ ತಾನೇ ಎರಡನ್ನೂ ಕೂಡಿಸಿ ಒಂದು ಮಾಡುತ್ತದೆ.

ಮೊದಲು ನನಗೆ ಅದರ ಮೇಲೆ ಗೌರವವಿತ್ತು. ಬಾಗಲಕೋಟ, ಬಾಗಲಕೋಟೆ ಎರಡೂ ಒಂದೇ ಊರೆಂದು ಅದಕ್ಕೆ ಗೊತ್ತು. ಇಳಕಲ್ಲನ್ನು ಇಲಕಲ್ ಎಂದು ಬರೆದರೂ ಹಿಡಿಯುತ್ತದೆ. ಓಣಿ, ಗಲ್ಲಿ ಎಂದರೆ ಒಂದೇ ಎಂದೂ ಕಲಿತಿದೆ. ನಮ್ಮ ಮನೆಗಳಲ್ಲಿ ಸತ್ತ ಅಜ್ಜ ಮತ್ತೆ ಮತ್ತೆ ಹುಟ್ಟಿಬರುತ್ತಾನೆಂಬುದನ್ನು ಮಾತ್ರ ಅದಕ್ಕೆ ಯಾರೂ ಹೇಳಿರಲಿಲ್ಲ.

ಉದ್ದಾಂವ, ಗಿಡ್ಡಾಂವ ಅಣ್ಣತಮ್ಮಂದಿರ ಮಕ್ಕಳು. ಅಜ್ಜ ತೀರಿಕೊಂಡ ಮೇಲೆ ಒಂದು ವರ್ಷದೊಳಗೆ ಇಬ್ಬರು ಸೊಸೆಯಂದಿರಿಗೂ ಗಂಡು ಹುಟ್ಟಿತು. ಅಜ್ಜನ ಹೆಸರನ್ನು ಇಬ್ಬರೂ ಬಿಟ್ಟುಕೊಡಲಿಲ್ಲ, ಇಬ್ಬರೂ ಇಟ್ಟರು. ಅಡ್ಡಹೆಸರು, ಅಂದರೆ ಮನೆತನದ ಹೆಸರು, ಹೇಗೂ ಒಂದೇ. ಇಬ್ಬರನ್ನೂ ಒಂದೇ ದಿನ ಸಾಲೆಗೆ ಹಾಕಿದಾಗ ಮಾಸ್ತರರು ಇಬ್ಬರಿಗೂ ಹುಟ್ಟಿದ ದಿನವೆಂದು ಒಂದೇ ವರ್ಷದ ಜೂನ್ ಒಂದನೇ ತಾರೀಖು ಬರೆದರು. ನಮ್ಮ ಕಡೆ ಅವರ ಕಾಲದ ಅರ್ಧ ಊರು ಹುಟ್ಟಿದ್ದೇ ಜೂನ್ ಒಂದಕ್ಕೆ. ಇಬ್ಬರ ಅಪ್ಪಂದಿರ ಹೆಸರೂ ಒಂದೇ ಅಕ್ಷರದಿಂದ ಶುರುವಾಗುತ್ತದೆ, ದಾಖಲೆಯಲ್ಲಿರುವುದು ಆ ಒಂದಕ್ಷರ. ಮನೆ ಒಂದು, ಬರೆಸಿದ ಮೊಬೈಲ್ ನಂಬರು ಒಂದು. ಗುರುತಿನ ಚೀಟಿಯ ಸಂಖ್ಯೆಯಾದರೂ ಬೇರೆ ಮಾಡುತ್ತಿತ್ತು, ಆದರೆ ಉದ್ದಾಂವನ ಆಪರೇಶನ್ ಆದ ಬಾದಾಮಿಯ ಹಳೆಯ ಶಿಬಿರದಲ್ಲಿ ಅದನ್ನು ಬರೆದುಕೊಂಡಿರಲಿಲ್ಲ. ಗಿಡ್ಡಾಂವ ಹಿಂದೊಮ್ಮೆ ಇಳಕಲ್ಲಿನಲ್ಲಿ ಬರೆಸಿದ್ದ ದಾಖಲೆಗೂ ಇದಕ್ಕೂ ಅಂಕ ತೊಂಬತ್ತೇಳು ಬಿದ್ದಿತ್ತು. ಮನೆಯಲ್ಲಿ, ಓಣಿಯಲ್ಲಿ, ಮಗ್ಗದ ಹತ್ತಿರ ಇವರನ್ನು ಬೇರೆ ಮಾಡುವುದು ಉದ್ದ ಮತ್ತು ಗಿಡ್ಡ. ಅದಕ್ಕೆ ನಮ್ಮಲ್ಲಿ ಕಾಲಮ್ ಇಲ್ಲ.

ಅಂದೇ ಡಾಕ್ಟರು ಕಣ್ಣು ನೋಡಿ, ಪೊರೆ ಪೂರ್ತಿ ಮಾಗಿದೆ, ತಡ ಮಾಡಬಾರದು ಎಂದು ಬರೆದರು. ಆದರೆ ಆಗಿದೆ ಎಂದಿರುವ ಕಣ್ಣಿಗೆ ಉಚಿತ ಶಸ್ತ್ರಚಿಕಿತ್ಸೆಯ ಪಟ್ಟಿಯಲ್ಲಿ ಎರಡನೇ ಸಲ ದಿನ ಸಿಗುವುದಿಲ್ಲ. ನಾನು ನಮ್ಮ ಮೇಲ್ವಿಚಾರಕರ ಹತ್ತಿರ ಹೋದೆ.

"ತೊಂಬತ್ತೇಳು ಬಂದದಲ್ಲವಾ," ಎಂದರು. "ಮೂರು ಅಂಕದ ಸಲುವಾಗಿ ಕಂಪನಿಯವರ ಜೋಡಿ ನಾ ಜಗಳಾಡ್ಲಿ?"

"ಸರ್, ಅವರು ಹೊರಗ ಕೂತಾರ್ರಿ. ಕಣ್ಣ ನೋಡಿದ್ರ ಗೊತ್ತಾಗ್ತದ."

"ನನಗ ಗೊತ್ತಾಗಿ ಏನ್ ಮಾಡೂದದ? ಇನ್ನೊಬ್ಬಾತನ್ನೂ ಕರ್ಕೊಂಡು ಬಾ ಅನ್ನು."

ಮಾರ್ಚ್ 10, ಸೋಮವಾರ, 11.15. ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದರು. ಉದ್ದಾಂವ ಬಾಗಿಲಿಗೆ ತಲೆ ತಗ್ಗಿಸಿ ಒಳಗೆ ಬಂದರು. ಅವರ ಮೊಣಕೈ ಹಿಡಿದು ಹಿಂದೆ ಗಿಡ್ಡಾಂವ ಬಂದರು.

"ನನ್ನ ಕಣ್ಣ ಕದ್ದೀಯಂತಲ್ಲಲೇ ಗಿಡ್ಡ," ಎಂದರು ಉದ್ದಾಂವ, ಎಲ್ಲರಿಗೂ ಕೇಳುವಂತೆ.

"ಕದ್ದಿದ್ರ ಕಾಣತಿತ್ತಲ್ಲಲೇ ಮಗನ. ನಿನ್ನ ಕಣ್ಣೂ ನಿನ್ನಂಗ, ಉದ್ದ ಐತಿ, ಉಪಯೋಗಿಲ್ಲ."

ಸಾಲಿನಲ್ಲಿದ್ದವರು ನಕ್ಕರು. ಮೇಲ್ವಿಚಾರಕರೂ ನಕ್ಕರು. ಆಮೇಲೆ, "ನನಗ ಇಬ್ಬರು ಕಾಣಸ್ತೀರಿ. ಸಿಸ್ಟಮ್‌ನ್ಯಾಗ ಒಬ್ಬರ ಇದ್ದೀರಿ," ಎಂದರು.

"ಹಂಗಾರ ನಾ ಸತ್ತೇನಿ ಅಂತ ಬರ್ಕೋರಿ," ಎಂದರು ಉದ್ದಾಂವ. "ನಂದೇನು, ಕಣ್ಣಿನ ಕೆಲಸ ಮುಗದೈತಿ. ಇವಂಗ ಜಾಗಾ ಆಕ್ಕೈತಿ."

ನಾನು ಹೇಳಬೇಕಾಯಿತು: "ನೀವು ಸತ್ರ ಅವರೂ ಸಾಯ್ತಾರ್ರಿ ಕಾಕಾ. ದಾಖಲೆ ಒಂದ ಅದ."

ಗಿಡ್ಡಾಂವ ಎಂಬುದನ್ನೇ ಹೆಸರೆಂದು ಹಾಕಿ ಹೊಸ ದಾಖಲೆ ತೆರೆಯೋಣವೆಂದರೆ, ಉಚಿತ ಚಿಕಿತ್ಸೆಗೆ ಗುರುತಿನ ಚೀಟಿಯಲ್ಲಿರುವ ಹೆಸರೇ ಬೇಕು. ಆ ಹೆಸರು ಹಾಕಿದರೆ ಸಂಜೆಯೊಳಗೆ ಮತ್ತೆ ಕೂಡಿಸುತ್ತದೆ. ಹಾಕಿ ನೋಡಿದೆ; ಕೂಡಿಸಿತು.

ಅಂದು ಇಬ್ಬರನ್ನೂ ಗೋಡೆಗೆ ನಿಲ್ಲಿಸಿ ಫೋಟೋ ತೆಗೆದು ಕಂಪನಿಗೆ ಕಳಿಸಿದೆ. ಉತ್ತರ ಬಂದದ್ದು ಮಾರ್ಚ್ 19ಕ್ಕೆ: ಎರಡೂ ದಾಖಲೆಗಳಲ್ಲಿ ಬೇರೆಯಾಗಿರುವ ಒಂದು ಅಂಶವನ್ನಾದರೂ ತಿಳಿಸಿ. ಗುರುತಿನ ಚೀಟಿಯ ಸಂಖ್ಯೆಯಾಗಲಿ ಅಪ್ಪನ ಪೂರ್ತಿ ಹೆಸರಾಗಲಿ ಹಳೆಯ ದಾಖಲೆಗೆ ಈಗ ಸೇರಿಸಲು ಬರುವುದಿಲ್ಲ; ಎತ್ತರ ಎಂದು ಬರೆದೆ. ಎತ್ತರವನ್ನು ಹೋಲಿಕೆಗೆ ಬಳಸುವುದಿಲ್ಲ ಎಂದು ಮಾರ್ಚ್ 26ಕ್ಕೆ ಬಂತು. ಒಬ್ಬರ ಬಲಗಣ್ಣು ಕಾಣುತ್ತದೆ, ಇನ್ನೊಬ್ಬರದು ಕಾಣುವುದಿಲ್ಲ ಎಂದು ಬರೆದೆ. ಅದಕ್ಕೆ ಉತ್ತರ ಬರಲಿಲ್ಲ. ಏಪ್ರಿಲ್‌ನಲ್ಲಿ ನಾಲ್ಕು ಸಲ ನೆನಪಿಸಿದೆ. ಆ ತಿಂಗಳು ಗಿಡ್ಡಾಂವ ಎರಡು ಸಲ ಬಂದು ಬೆಂಚಿನ ಮೇಲೆ ಕೂತು ವಾಪಸು ಹೋದರು. ಎರಡನೇ ಸಲ ತಮಾಷೆ ಮಾಡಲಿಲ್ಲ.

ಏಪ್ರಿಲ್ 28, ಸೋಮವಾರ, ಮಧ್ಯಾಹ್ನ 3.05. ಒಂದು ಸಾಲಿನ ಮೇಲ್: ದಾಖಲೆಗಳನ್ನು ಬೇರ್ಪಡಿಸಲಾಗಿದೆ. ಕೂಡಲೇ ಇಳಕಲ್ಲಿಗೆ ಫೋನ್ ಮಾಡಿದೆ. ಎತ್ತಿದವರು ಉದ್ದಾಂವ.

"ಮೂರು ದಿನಾತು, ತಲಿ ಒಡದು ಹೋಳಾಗ್ತೈತಿ ಅಂತಾನ್ರಿ. ವಾಂತಿ ಬ್ಯಾರೆ. ಕಣ್ಣ ಕೆಂಪಗ ಆಗೈತಿ. ಅಂಗಡ್ಯಾಗಿನ ಔಷಧ ಹಾಕೇವಿ."

ಮರುದಿನ ಬೆಳಿಗ್ಗೆಯೇ ಕರೆತಂದರು. ಮಾಗಿದ ಪೊರೆ ಒಳಗೆ ಊದಿ ಕಣ್ಣಿನ ಒತ್ತಡ ಏರಿತ್ತು. ಡಾಕ್ಟರು ಒತ್ತಡ ಇಳಿಸಿ, ಎರಡು ದಿನದ ಮೇಲೆ ಪೊರೆ ತೆಗೆದರು. ಉಚಿತ ಪಟ್ಟಿಗೆ ಹೆಸರು ಈ ಸಲ ತಕರಾರಿಲ್ಲದೆ ಏರಿತು. ಆದರೆ ಒಳಗಿನ ನರ ಸತ್ತಿತ್ತು. ಕಣ್ಣಿಗೆ ಕಟ್ಟಿದ್ದ ಪಟ್ಟಿ ಬಿಚ್ಚಿದಾಗ ಟಾರ್ಚು ಯಾವ ಕಡೆ ಇದೆ ಎಂದು ಡಾಕ್ಟರು ಕೇಳಿದರು. ಗಿಡ್ಡಾಂವ ಮುಖವನ್ನು ಆಚೆ ಈಚೆ ತಿರುಗಿಸಿ, "ನೀವ ಹೇಳ್ರಿ," ಎಂದರು.

ಮನೆಗೆ ಹೋಗುವ ದಿನ ಉದ್ದಾಂವನ ಮೊಣಕೈ ಹಿಡಿದು ಗಿಡ್ಡಾಂವ ನನ್ನ ಕಿಟಕಿಗೆ ಬಂದರು.

"ಈಗ ನಾವಿಬ್ರೂ ಬ್ಯಾರೆ ಆದ್ವೇನು ಯವ್ವಾ?"

"ಆದ್ರಿ ಕಾಕಾ."

"ಹೆಂಗ ಗೊತ್ತಾತು ಅದಕ್ಕ?"

ಹೆಸರು ಅದೇ, ಮನೆ ಅದೇ, ಜೂನ್ ಒಂದು ಅದೇ. ಯಾರು, ಏನು ನೋಡಿ ಬೇರೆ ಮಾಡಿದರೆಂದು ಕಂಪನಿಗೆ ಬರೆದು ಕೇಳಿದೆ. ಪ್ರಕರಣ ಮುಗಿದಿದೆ ಎಂಬ ಉತ್ತರ ಬಂತು.

ಅಂದಿನಿಂದ ಹಳೆಯ ದಾಖಲೆ ತೆಗೆದು ನೋಡುತ್ತಿದ್ದೇನೆ. ಅಜ್ಜ ಅಥವಾ ಅಜ್ಜಿಯ ಹೆಸರು ಹೊತ್ತು, ಒಂದೇ ಮನೆಯಲ್ಲಿದ್ದು, ಯಾರೂ ನೋಡದೆ ಒಂದಾದಂತೆ ಕಾಣುವ ಜೋಡಿಗಳು ಇಲ್ಲಿಯವರೆಗೆ ಹನ್ನೊಂದು ಸಿಕ್ಕಿವೆ. ಅವರಲ್ಲಿ ಯಾರ ಕಣ್ಣು ಕಾಯುತ್ತಿದೆಯೋ ಪರದೆ ಹೇಳುವುದಿಲ್ಲ. ಹೀಗೆ ಕೂಡಿಸಿದ್ದನ್ನು ಬಿಡಿಸಲು ಏನು ತೋರಿಸಬೇಕೆಂದು ಬಲ್ಲವರು ದಯವಿಟ್ಟು ನನಗೆ ಬರೆಯಿರಿ. ನಿಮ್ಮ ಮನೆಯಲ್ಲೂ ಒಂದೇ ಹೆಸರಿನ ಇಬ್ಬರಿದ್ದು, ಎಲ್ಲಾದರೂ ಒಬ್ಬರಾಗಿ ಹೋಗಿದ್ದರೆ ಅದನ್ನೂ ಬರೆಯಿರಿ. ಓಣಿಯಲ್ಲಿ ಅವರನ್ನು ಏನೆಂದು ಕರೆಯುತ್ತಾರೆ ಎಂಬುದನ್ನು ಬಿಡಬೇಡಿ.